19 ತಿಂಗಳ ಮಗು ಡೇಕೇರ್‌ಗೆ: ಬಾಗಿಲ ಹತ್ತಿರದ ಅಳು, ನಮ್ಮ ಹೊಟ್ಟೆಸಂಕಟ, ಎರಡನ್ನೂ ಹೇಗೆ ನಿಭಾಯಿಸೋದು?

ಹೊಂಗೆನೆರಳು:
ಮುಂದಿನ ತಿಂಗಳಿಂದ ಮಗೂನ ಬೆಂಗಳೂರಲ್ಲಿ ಡೇಕೇರ್‌ಗೆ ಹಾಕ್ತಿದ್ದೀವಿ. ಅಜ್ಜಿ ಊರಿಗೆ ವಾಪಸ್ ಹೋಗ್ತಾರೆ. ಸೆಂಟರ್‌ನವರು "ಮೊದಲ ದಿನಾನೇ ಬಿಟ್ಟು ಹೋಗ್ಬಿಡಿ, ಒಂದು ವಾರ ಅಳ್ತವೆ, ಆಮೇಲೆ ತಾನಾಗೇ ಸರಿಹೋಗುತ್ತೆ" ಅಂತಾರೆ. ಅದು ಸರೀನಾ? ಎಷ್ಟು ಅಳು ಮಾಮೂಲು, ಎಷ್ಟಾದ್ರೆ ಯೋಚನೆ ಮಾಡ್ಬೇಕು? ಇನ್ನೊಂದು, ಮಗು ಹೊಂದಿಕೊಳ್ಳೋದಕ್ಕೆ ಬೇಕಾದಷ್ಟು ಸಲಹೆ ಸಿಗುತ್ತೆ. ಅಪ್ಪ ಅಮ್ಮನ ಮನಸ್ಸಿಗೆ ಏನು ಮಾಡ್ಬೇಕು ಅಂತ ಯಾರೂ ಹೇಳಲ್ಲ. "ಧೈರ್ಯ ತಗೊಳ್ಳಿ" ಅನ್ನೋದು ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳಿ.

ಬಾಲವಾಡಿ_ಮಿಸ್:
ಮೊದಲ ದಿನವೇ ಪೂರ್ತಿ ದಿನ ಬಿಡೋದು ಸೆಂಟರ್‌ಗೆ ಸುಲಭ, ಮಗುವಿಗಲ್ಲ. ನಿಮ್ಮ ಮಗು ಕೂಡ ಇನ್ನೂ ಕಷ್ಟದ ವಯಸ್ಸಲ್ಲೇ ಇದೆ. ಅಮ್ಮ ಕಣ್ಣಿಗೆ ಕಾಣದಿದ್ರೂ ಎಲ್ಲೋ ಇದ್ದಾಳೆ ಅನ್ನೋದು ಮಕ್ಕಳಿಗೆ ಸುಮಾರು 8ನೇ ತಿಂಗಳಿಂದ ಗೊತ್ತಾಗೋಕೆ ಶುರುವಾಗುತ್ತೆ. ಬಿಟ್ಟು ಹೋಗುವಾಗಿನ ಅಳು 10ರಿಂದ 18 ತಿಂಗಳ ನಡುವೆ ಜೋರಾಗಿದ್ದು, ಎರಡು–ಮೂರು ವರ್ಷದ ಹೊತ್ತಿಗೆ ಇಳಿಯುತ್ತೆ. "ಅಮ್ಮ ಇದ್ದಾಳೆ" ಅಂತ ಗೊತ್ತು, "ಸಂಜೆ ಬರ್ತಾಳೆ" ಅಂದ್ರೆ ಏನು ಅಂತ ಗೊತ್ತಿಲ್ಲ. ಈ ಅಂತರವೇ ಅಳುವಿನ ಮೂಲ.

ಅದಕ್ಕೆ ಮೊದಲ ವಾರದಲ್ಲಿ ಮಗುವಿಗೆ ಅಭ್ಯಾಸ ಮಾಡಿಸಬೇಕಾದ್ದು ಜಾಗವನ್ನಲ್ಲ, ಒಬ್ಬ ವ್ಯಕ್ತಿಯನ್ನ. ಸೇರಿಸೋ ಮುಂಚೆ ಕೇಳಲೇಬೇಕಾದ ಪ್ರಶ್ನೆ: "ನಮ್ಮ ಮಗೂನ ದಿನಾ ಎತ್ತಿಕೊಳ್ಳೋರು ಯಾರು? ಅವರು ರಜೆ ಹಾಕಿದ್ರೆ ಯಾರು?" ಎರಡು ಹೆಸರು ಹೇಳೋಕೆ ಆಗದಿದ್ರೆ, ಗೋಡೆ ಮೇಲಿನ ಬಣ್ಣದ ಚಿತ್ರ ಎಷ್ಟು ಚೆನ್ನಾಗಿದ್ದರೂ ಆ ಸೆಂಟರ್ ಬಗ್ಗೆ ಇನ್ನೊಂದ್ಸಲ ಯೋಚಿಸಿ.

ಅಪ್ಪ ಅಥವಾ ಅಮ್ಮ ಒಳಗೆ ಕೂತಿರುವಾಗ ಮಾಡಬೇಕಾದ್ದು ಇಷ್ಟೇ: ಒಂದು ಮೂಲೆಯಲ್ಲಿ ನೆಲದ ಮೇಲೆ ಕೂರೋದು, ಜಾಗ ಬದಲಿಸದೇ ಇರೋದು. ಮಗು ಹತ್ತಿರ ಬಂದ್ರೆ ಮಡಿಲಿಗೆ ತಗೊಳ್ಳಿ, ಹೋದ್ರೆ ಹೋಗಲಿ ಬಿಡಿ. "ಹೋಗು ಪುಟ್ಟ, ಅಲ್ಲಿ ಕಾರ್ ಇದೆ ನೋಡು" ಅಂತ ತಳ್ಳಬೇಡಿ, ತಳ್ಳಿದಷ್ಟೂ ಅಂಟಿಕೊಳ್ಳುತ್ತೆ. ನೀವೇ ಆಟ ಆಡಿಸೋಕೆ ಶುರು ಮಾಡಿದ್ರೆ ಮಗು ಮಿಸ್ ಕಡೆ ತಿರುಗಿಯೂ ನೋಡಲ್ಲ. ಮೊದಲೆರಡು ದಿನ ಡೈಪರ್ ನೀವೇ ಬದಲಿಸಿ, ಆಯಾ ಪಕ್ಕದಲ್ಲಿ ನಿಂತು ನೋಡಲಿ. ಮೂರನೇ ದಿನ ಅವರು ಬದಲಿಸಲಿ, ನೀವು ಪಕ್ಕದಲ್ಲಿರಿ. ಊಟಕ್ಕೂ ಇದೇ ಕ್ರಮ.

ರೈನ್_ದಂಡೆ:
ಜರ್ಮನಿಯಲ್ಲಿ ಇದಕ್ಕೆ ಒಂದು ಪದ್ಧತಿಯೇ ಇದೆ, ಬರ್ಲಿನ್ ಮಾದರಿ ಅಂತ. ಇಲ್ಲಿರೋ ಕನ್ನಡದ ಮನೆಗಳಿಗೆಲ್ಲ ಗೊತ್ತಿರೋದೇ. ಮೊದಲ ಮೂರು ದಿನ ಪೋಷಕರ ಜೊತೆ ದಿನಕ್ಕೆ ಸುಮಾರು ಒಂದು ಗಂಟೆ, ಬಿಟ್ಟು ಹೋಗೋ ಮಾತೇ ಇಲ್ಲ. ನಾಲ್ಕನೇ ದಿನ ಮೊದಲ ಸಲ ಟಾಟಾ ಹೇಳಿ ಹೊರಗೆ ಹೋಗ್ತಾರೆ, ಹೆಚ್ಚೆಂದರೆ 30 ನಿಮಿಷ, ಕಟ್ಟಡ ಬಿಟ್ಟು ಹೋಗೋ ಹಾಗಿಲ್ಲ. ಮಗು ಅತ್ತು, ಟೀಚರ್ ಎತ್ತಿಕೊಂಡಾಗ ಸಮಾಧಾನ ಆದ್ರೆ ಒಟ್ಟು ಆರು ದಿನದ ಆಸುಪಾಸಲ್ಲಿ ಮುಗಿಯುತ್ತೆ. ಸಮಾಧಾನವೇ ಆಗದಿದ್ರೆ ಕೆಲವೇ ನಿಮಿಷದಲ್ಲಿ ವಾಪಸ್ ಕರೀತಾರೆ, ಆಗ ಎರಡು–ಮೂರು ವಾರದ ದಾರಿ. ನಾಲ್ಕನೇ ದಿನ ಸೋಮವಾರ ಬಿದ್ರೆ ಮಂಗಳವಾರಕ್ಕೆ ತಳ್ತಾರೆ. ಎರಡು ದಿನ ಮನೇಲಿದ್ದು ಬಂದ ಮಗುವನ್ನ ಅವತ್ತೇ ಬಿಡೋದು ಕಷ್ಟ ಅನ್ನೋ ಲೆಕ್ಕ.

ಇಲ್ಲಿ ಯಾರೂ "ಅಳಬಾರದು" ಅಂತ ಕಾಯಲ್ಲ. ನೋಡೋದು ಅಳು ಯಾರ ಕೈಯಲ್ಲಿ ನಿಂತಿತು ಅಂತ ಮಾತ್ರ.

ಬೆಣ್ಣೆದೋಸೆ:
ಓದೋಕೆ ಚೆನ್ನಾಗಿದೆ. ಬೆಂಗಳೂರಲ್ಲಿ ಎರಡು–ಮೂರು ವಾರ ರಜೆ ಯಾರ್ರೀ ಕೊಡ್ತಾರೆ? ಎಷ್ಟೋ ಸೆಂಟರ್‌ಗಳಲ್ಲಿ ಪೋಷಕರನ್ನ ಗೇಟಿಂದ ಒಳಗೇ ಬಿಡಲ್ಲ.

ಬಾಲವಾಡಿ_ಮಿಸ್:
@ಬೆಣ್ಣೆದೋಸೆ ನಿಮ್ಮ ಮಾತು ನಿಜ. ಹಾಗಾಗಿ ಅದನ್ನೇ ಐದು ದಿನಕ್ಕೆ ಇಳಿಸಬಹುದು, ಆದ್ರೆ ಶೂನ್ಯಕ್ಕೆ ಇಳಿಸೋಕಾಗಲ್ಲ.

ಸೆಂಟರ್‌ನವರು ಒಳಗೆ ಬಿಡದಿರೋಕೂ ಕಾರಣ ಇದೆ. ಒಬ್ಬರ ಅಮ್ಮ ಒಳಗಿದ್ರೆ ಬೇರೆ ಹತ್ತು ಮಕ್ಕಳಿಗೆ "ನನ್ನಮ್ಮ ಎಲ್ಲಿ" ಅಂತ ನೆನಪಾಗುತ್ತೆ. ಅದಕ್ಕೆ ಬೆಳಗ್ಗೆ 9ರ ಗಲಾಟೆಯಲ್ಲಿ ಕೇಳ್ಬೇಡಿ. 10:30–11:30ರ ಹೊರಾಂಗಣದ ಆಟದ ಹೊತ್ತು, ಇಲ್ಲಾ ಸಂಜೆ 4ರ ಮೇಲೆ ಅರ್ಧ ಮಕ್ಕಳು ಹೋದ ಹೊತ್ತು ಕೇಳಿ. "ಫೋಟೊ ತೆಗೆಯಲ್ಲ, ಬೇರೆ ಮಕ್ಕಳನ್ನ ಎತ್ತಲ್ಲ, ಮೂಲೇಲಿ ಕೂರ್ತೀನಿ" ಅಂತ ಮೊದಲೇ ಹೇಳಿದ್ರೆ ಬಹಳ ಕಡೆ ಒಪ್ತಾರೆ. ಫೀಸು ಕಟ್ಟೋ ಮುಂಚೆ ಕೇಳಿ. ಕಟ್ಟಿದ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ.

ಐದು ದಿನದ ಅಂದಾಜು ಹೀಗೆ. ಮೊದಲೆರಡು ದಿನ ಒಂದೊಂದು ಗಂಟೆ ಜೊತೆಗಿರೋದು. ಮೂರನೇ ದಿನ ಅರ್ಧ ಗಂಟೆ ಜೊತೆ, 15–20 ನಿಮಿಷ ಹೊರಗೆ. ನಾಲ್ಕನೇ ದಿನ ಬಿಟ್ಟು ಹೋಗಿ, ಊಟ ಆದ ಕೂಡಲೇ ಕರ್ಕೊಂಡು ಬರೋದು. ಐದನೇ ದಿನವೂ ಅಷ್ಟೇ. ಮಧ್ಯಾಹ್ನದ ನಿದ್ದೆ ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಹೊಸ ಜಾಗದಲ್ಲಿ ನಿದ್ದೆ ಹೋಗೋದು ಎಲ್ಲಕ್ಕಿಂತ ಕಷ್ಟ. ಅದನ್ನ ಮೊದಲ ದಿನವೇ ತುರುಕಿದ್ರೆ ಮಾರನೇ ದಿನ ಆ ಬೀದಿ ತಿರುಗಿದ ಕೂಡಲೇ ರಚ್ಚೆ ಶುರುವಾಗುತ್ತೆ. ಒಂದು ಹೊಸದು ಗಟ್ಟಿಯಾದ ಮೇಲೆ ಇನ್ನೊಂದು. ಅದೇ ತಿಂಗಳಲ್ಲಿ ಎದೆಹಾಲು ಪೂರ್ತಿ ಬಿಡಿಸೋದು, ಡೈಪರ್ ಬಿಡಿಸೋದು, ಬೇರೆ ಹಾಸಿಗೆಯಲ್ಲಿ ಮಲಗಿಸೋದು ಯಾವುದನ್ನೂ ಇಟ್ಟುಕೊಳ್ಳಬೇಡಿ.

ಅಪ್ಪ ಅಮ್ಮ ರಜೆ ಹಂಚಿಕೊಂಡ್ರೆ ಒಬ್ಬೊಬ್ಬರಿಗೆ ಎರಡೂವರೆ ದಿನ. ಅಜ್ಜಿ ಹೊರಡೋ ಮುಂಚೆಯೇ ಶುರು ಮಾಡಿ, ಅವರು ಹೋದ ಮಾರನೇ ದಿನ ಬೇಡ. ಒಂದೇ ವಾರದಲ್ಲಿ ಅಜ್ಜಿಯೂ ಇಲ್ಲ, ಮನೆಯೂ ಇಲ್ಲ ಅನ್ನೋ ಹಾಗೆ ಆಗುತ್ತೆ.

ರೈನ್_ದಂಡೆ:
ಕೊನೇ ಮಾತು ಅಮೆರಿಕದಲ್ಲಿರೋರಿಗೆ ಇನ್ನೂ ಮುಖ್ಯ. ಅಜ್ಜಿ–ತಾತನಿಗೆ ಆರು ತಿಂಗಳಷ್ಟೇ ಇರೋಕೆ ಬಿಟ್ಟಿರ್ತಾರೆ. ವಾಪಸ್ ಟಿಕೆಟ್‌ಗೆ ಒಂದು ತಿಂಗಳು ಮುಂಚೆ ಡೇಕೇರ್ ಶುರು ಮಾಡಿ, ಹೇಳಿಹೋಗೋ ಅಳು ಎರಡು ಒಟ್ಟಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಹುಬ್ಬಳ್ಳಿ_ಅಕ್ಕ:
ಎಲ್ಲಾರೂ ಒಳಗ ಕೂಡೂದರ ಬಗ್ಗೆ ಹೇಳಿದ್ರಿ, ಬಾಗಲದಾಗ ಏನ ಮಾಡಬೇಕಂತ ಯಾರೂ ಹೇಳಲಿಲ್ಲ. ಕೆಡೂದು ಅಲ್ಲೇ.

ಟಾಟಾ ಹೇಳೂದು ಎರಡು ನಿಮಿಷದ ಕೆಲಸ, ಅದಕ್ಕಿಂತ ಉದ್ದ ಬ್ಯಾಡ. ಚಪ್ಪಲಿ ಬಿಚ್ಚಿಸ್ರಿ, ಚೀಲ ಅದರ ಗೂಟಕ್ಕ ಮಗುವಿನ ಕೈಲೇ ಹಾಕಸ್ರಿ. ಒಂದು ಮುದ್ದು ಕೊಡ್ರಿ. ದಿನಾ ಅದ ಒಂದು ಮಾತು ಹೇಳ್ರಿ: "ಊಟ ಮಾಡು, ಮಲ್ಕೋ, ಎದ್ದು ಹಾಲು ಕುಡಿ, ಅಷ್ಟೊತ್ತಿಗೆ ಅಮ್ಮ ಬರ್ತಾಳ." ಐದು ಗಂಟೆಗೆ ಬರ್ತೀನಿ ಅಂದ್ರ ಕೂಸಿಗೆ ಏನ ತಿಳೀತದ? ಗಡಿಯಾರ ಗೊತ್ತಿಲ್ಲ, ಹಾಲು ಗೊತ್ತದ.

ಆಮ್ಯಾಲ ಕೂಸನ್ನ ನೀವ ಆಯಾನ ಕೈಗೆ ಕೊಡಬೇಕು. ನಿಮ್ಮ ಕೊರಳಿಗೆ ಜೋತು ಬಿದ್ದಿದ್ದನ್ನ ಆಕಿ ಕಿತ್ತುಕೋಬಾರದು. ನೋಡಾಕ ಎರಡೂ ಒಂದ ಅನಸ್ತದ, ಕೂಸಿಗೆ ಹಂಗಲ್ಲ. ಒಂದರಾಗ ಅವ್ವ ನಂಬಿ ಕೊಟ್ಟಾಳ, ಇನ್ನೊಂದರಾಗ ಈ ಹೆಂಗಸು ನನ್ನ ಕಸಗೊಂಡಾಳ. ಕೊಟ್ಟಮ್ಯಾಲ ಕೈ ಬೀಸಿ ತಿರುಗಿ ಹೊಂಡ್ರಿ. ಅಳೂ ದನಿ ಕೇಳಿ ಮತ್ತ ಒಳಗ ಬಂದು "ಅಳಬ್ಯಾಡ ಬಂಗಾರ" ಅಂದ್ರ, ಜೋರ ಅತ್ರ ಅವ್ವ ತಿರುಗಿ ಬರ್ತಾಳ ಅಂತ ನೀವ ಕಲಿಸಿದಂಗ. ಕಿಟಕ್ಯಾಗ ಇಣುಕೂದೂ ಅಷ್ಟ, ಕಂಡ್ರಿ ಅಂದ್ರ ಮೊದಲಿನಿಂದ ಶುರು.

ಬೆಣ್ಣೆದೋಸೆ:
ಆಟದಲ್ಲಿ ಮುಳುಗಿರುವಾಗ ಹೇಳದೇ ಹೊರಟುಬಿಟ್ರೆ ಅಳೋದೇ ಇಲ್ಲ ಅಂತಾರಲ್ಲ? ಕೆಲವು ಆಯಾಗಳೇ ಹಾಗೆ ಮಾಡಿ ಅಂತಾರೆ.

ಹುಬ್ಬಳ್ಳಿ_ಅಕ್ಕ:
ಕದ್ದು ಹೋಗೂದು ಒಟ್ಟ ಬ್ಯಾಡ್ರಿ. ಅವತ್ತು ಅಳೂದಿಲ್ಲ, ಖರೆ. ಅರ್ಧ ತಾಸಿಗೆ ತಿರುಗಿ ನೋಡ್ತದ, ಅವ್ವ ಇಲ್ಲ. ಮರುದಿನದಿಂದ ಆಟದ ಕಡೆ ಲಕ್ಷ್ಯನ ಕೊಡೂದಿಲ್ಲ, ಯಾಕಂದ್ರ ಕಣ್ಣು ಆಕಡೆ ತಿರುಗಿಸಿದ್ರ ಅವ್ವ ಮಾಯ ಆಗ್ತಾಳ ಅಂತ ಗೊತ್ತಾಗಿರ್ತದ. ಮನ್ಯಾಗ ನೀವು ಬಚ್ಚಲಕ್ಕ ಹೋದ್ರೂ ಬಾಗಲಾ ಬಡೀತದ. ಬಾಗಲದಾಗಿನ ಹತ್ತು ನಿಮಿಷದ ಅಳು ಉಳಿಸಾಕ ಹೋಗಿ ದಿನಪೂರ್ತಿ ಅಂಜಿಕಿ ತಂದಂಗ.

ಮನಸಿನ_ಮಾತು:
@ಹೊಂಗೆನೆರಳು ನಿಮ್ಮ ಎರಡನೇ ಪ್ರಶ್ನೆಗೆ ಬರ್ತೀನಿ. ಪೋಷಕರ ಸಂಕಟ ಅಂತ ಒಂದೇ ಮಾತಲ್ಲಿ ಹೇಳ್ತೀವಿ, ಅದರಲ್ಲಿ ನಾಲ್ಕೈದು ಬೇರೆ ಬೇರೆ ವಿಷಯ ಕಲೆಸಿರುತ್ತೆ. ಬಿಡಿಸಿ ನೋಡಿದ್ರೆ ಒಂದೊಂದಕ್ಕೂ ಬೇರೆ ಉಪಾಯ.

ಮೊದಲನೇದು ಏನಾಗ್ತಿದೆ ಅಂತ ಗೊತ್ತಿಲ್ಲದ ಕಳವಳ. ನೀವು ಕೊನೆಗೆ ನೋಡಿದ್ದು ಅಳುವ ಮುಖ. ಆಫೀಸಲ್ಲಿ ಕೂತು ಎಂಟು ಗಂಟೆ ಅದೇ ಚಿತ್ರ ಓಡ್ತಿರುತ್ತೆ, ಮಗು ಅಲ್ಲಿ ಆಗಲೇ ಇಡ್ಲಿ ತಿಂತಿರಬಹುದು. ಇದಕ್ಕೆ ಮದ್ದು ಮಾಹಿತಿ. ಬಿಟ್ಟು 20 ನಿಮಿಷದ ಮೇಲೆ ಒಂದು ವಾಟ್ಸಾಪ್ ಫೋಟೊ ಕಳಿಸೋಕೆ ಕೇಳಿ, ಮೊದಲೆರಡು ವಾರಕ್ಕೆ ಮಾತ್ರ ಅಂತ ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ. ಸಂಜೆ "ಹೇಗಿದ್ದ?" ಅಂದ್ರೆ "ಚೆನ್ನಾಗಿದ್ದ" ಅಂತ ಉತ್ತರ ಬರುತ್ತೆ, ಅದರಿಂದ ಏನೂ ತಿಳಿಯಲ್ಲ. ಹೀಗೆ ಕೇಳಿ: ಅಳು ಎಷ್ಟು ಹೊತ್ತಿಗೆ ನಿಂತಿತು? ಯಾರು ಎತ್ತಿಕೊಂಡಾಗ ನಿಂತಿತು? ಊಟ ಎಷ್ಟು ತುತ್ತು, ನಿದ್ದೆ ಎಷ್ಟು ಹೊತ್ತು? ಯಾವ ಆಟದ ಹತ್ತಿರ ಹೋಯ್ತು? ಒಂದು ವಾರ ಬರೆದಿಟ್ಟುಕೊಂಡ್ರೆ 40 ನಿಮಿಷದ ಅಳು 15ಕ್ಕೆ ಇಳಿದಿದ್ದು ಕಣ್ಣಿಗೆ ಕಾಣುತ್ತೆ. ಬಾಗಿಲಲ್ಲಿ ನಿಂತವರಿಗೆ ದಿನಾ ಒಂದೇ ಥರ ಅಳ್ತಿದೆ ಅನ್ನಿಸ್ತಿರುತ್ತೆ.

ಸಿಸಿಟಿವಿ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಹಳ ಕಡೆ ಸದ್ದು ಇರಲ್ಲ, ಮೂಲೆಯಿಂದ ಮೇಲಿನ ಕೋನ. ಮಗು ಒಬ್ಬನೇ ಕೂತು ಬ್ಲಾಕ್ ಜೋಡಿಸ್ತಿದ್ರೂ "ಅಯ್ಯೋ, ಯಾರೂ ಮಾತಾಡಿಸ್ತಿಲ್ಲ" ಅನ್ನಿಸುತ್ತೆ. ನೋಡಲೇಬೇಕು ಅಂದ್ರೆ ಊಟದ ಹೊತ್ತಿಗೊಂದು ಸಲ, ನಿದ್ದೆ ಎದ್ದ ಮೇಲೊಂದು ಸಲ. ತಟ್ಟೆ ಮುಂದೆ ಆಯಾ ಹೇಗೆ ಕೂರ್ತಾರೆ, ಎದ್ದ ಮಗುವನ್ನ ಎಷ್ಟು ಬೇಗ ಎತ್ತಿಕೊಳ್ತಾರೆ, ಆ ಎರಡು ಹೊತ್ತಲ್ಲಿ ಸೆಂಟರ್‌ನ ಗುಣ ಗೊತ್ತಾಗುತ್ತೆ. ಬಾಕಿ ಹೊತ್ತು ಆ್ಯಪ್ ಮುಚ್ಚಿ.

ಎರಡನೇದು ತಪ್ಪಿತಸ್ಥ ಭಾವನೆ, "ಮಗೂನ ಬಿಟ್ಟು ದುಡಿಯೋ ಅಂಥದ್ದೇನಿತ್ತು" ಅನ್ನೋದು. ಇದನ್ನ ಹೊರಗಿನವರೂ ಹೇಳ್ತಾರೆ, ನಾವೂ ಹೇಳಿಕೊಳ್ತೀವಿ. ಅಮೆರಿಕದ ಎನ್‌ಐಸಿಎಚ್‌ಡಿ (ಮಕ್ಕಳ ಆರೋಗ್ಯದ ಸರ್ಕಾರಿ ಸಂಶೋಧನಾ ಸಂಸ್ಥೆ) 1991ರಲ್ಲಿ ಶುರು ಮಾಡಿದ ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನ ಹುಟ್ಟಿದಾಗಿನಿಂದ ವರ್ಷಗಟ್ಟಲೆ ಹಿಂಬಾಲಿಸಿತು. ಡೇಕೇರ್‌ಗೆ ಹೋದ ಮಾತ್ರಕ್ಕೆ ತಾಯಿ–ಮಗುವಿನ ಬಂಧ ಸಡಿಲವಾಗಲಿಲ್ಲ. ಮನೆಯಲ್ಲಿ ತಾಯಿ ಮಗುವಿಗೆ ಹೇಗೆ ಸ್ಪಂದಿಸ್ತಾಳೆ ಅನ್ನೋದೇ ಹೆಚ್ಚು ಲೆಕ್ಕಕ್ಕೆ ಬಂತು. ಅದು ಸಾಲದಾಗಿದ್ದು, ಜೊತೆಗೆ ಡೇಕೇರ್‌ನ ಗುಣಮಟ್ಟವೂ ಕೆಟ್ಟದಾಗಿದ್ರೆ, ಅಲ್ಲಿರೋ ಹೊತ್ತು ಹೆಚ್ಚಾಗಿದ್ರೆ ಅಥವಾ ಡೇಕೇರ್ ಬದಲಾಗ್ತಿದ್ರೆ ಅಪಾಯ ಕಂಡಿತು. ಹಾಗಾಗಿ "ಬಿಡಬೇಕಾ ಬೇಡವಾ" ಅಂತ ಕೊರಗೋ ಶಕ್ತಿಯನ್ನ ಒಳ್ಳೇ ಸೆಂಟರ್ ಹುಡುಕೋಕೆ ಮತ್ತು ಅದನ್ನ ಬದಲಿಸದೇ ಉಳಿಸಿಕೊಳ್ಳೋಕೆ ಖರ್ಚು ಮಾಡಿ.

ಮೂರನೇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ: ಹೊಟ್ಟೆಕಿಚ್ಚು. ಮಗು ಆಯಾಳನ್ನ ನೋಡಿ ಕೈ ಚಾಚುತ್ತೆ, ಒಂದು ದಿನ ಅವರನ್ನೇ "ಅಮ್ಮ" ಅಂದುಬಿಡುತ್ತೆ. ಅದೇ ಬೇಕಾಗಿದ್ದುದು. ಅವರನ್ನ ಹಚ್ಚಿಕೊಳ್ಳದ ಮಗು ದಿನವಿಡೀ ನಿಮ್ಮನ್ನೇ ಕಾಯ್ತಾ ಕೂತಿರುತ್ತೆ. ಮಕ್ಕಳು ಅಜ್ಜಿಯನ್ನೂ ಅಪ್ಪನನ್ನೂ ಒಟ್ಟಿಗೇ ಹಚ್ಚಿಕೊಳ್ಳಲ್ವಾ? ಒಬ್ಬರು ಬಂದ್ರು ಅಂತ ಇನ್ನೊಬ್ಬರ ಪಾಲು ಕಡಿಮೆಯಾಗಲ್ಲ. ಮನೆಯಲ್ಲಿ ಆ ಆಯಾಳ ಹೆಸರು ಹೇಳಿ ಮಾತಾಡಿ, ಮೊಬೈಲಲ್ಲಿ ಅವರ ಫೋಟೊ ತೋರಿಸಿ.

ನಾಲ್ಕನೇದು ನಿರಾಳ. ಮೊದಲ ಸಲ ಬಿಸಿ ಕಾಫಿ ಕುಡಿದು, ಆಮೇಲೆ ಅದಕ್ಕೇ ಬೇಜಾರಾಗೋದು. ಇದಕ್ಕೆ ಉಪಾಯ ಬೇಕಿಲ್ಲ, ಕುಡಿದುಬಿಡಿ.

ಐದನೇದು ಈ ಪಟ್ಟಿಯಿಂದ ಹೊರಗಿನದು. ಎರಡು ವಾರ ಮೀರಿ ದಿನದ ಬಹುಪಾಲು ಅಳು, ಮಗು ಮಲಗಿದ್ರೂ ನಿದ್ದೆ ಬರದಿರೋದು, ಊಟ ಬೇಡ, ಯಾವುದರಲ್ಲೂ ಆಸಕ್ತಿ ಇಲ್ಲ, "ನಾನಿಲ್ಲದಿದ್ರೇ ಒಳ್ಳೇದು" ಅನ್ನೋ ಯೋಚನೆ. ಇದು ಡೇಕೇರ್ ಬೇಸರವಲ್ಲ, ಖಿನ್ನತೆ ಇರಬಹುದು. ಹೆರಿಗೆಯಾಗಿ ವರ್ಷ ಕಳೆದ ಮೇಲೂ ಬರುತ್ತೆ, ಅಪ್ಪಂದಿರಿಗೂ ಬರುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಕೊಡಿಯಾಲ_ಸಿಸ್ಟರ್:
ಮನಸ್ಸಿನದ್ದು ಆಯಿತು, ದೇಹದ್ದೂ ಸ್ವಲ್ಪ ಹೇಳ್ತೇನೆ. ಇನ್ನೂ ಎದೆಹಾಲು ಕುಡಿಯುವ ಮಗುವಾದರೆ ತಾಯಿಗೆ ಮೊದಲ ವಾರ ಎದೆ ಕಟ್ಟಿ ಗಟ್ಟಿಯಾಗಿ ನೋಯುತ್ತದೆ. ಹಗಲಿನ ಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ. ಎರಡು ವಾರ ಮುಂಚಿನಿಂದ ಮೂರು–ನಾಲ್ಕು ದಿನಕ್ಕೊಂದರಂತೆ ಹಗಲಿನ ಒಂದೊಂದು ಸರದಿ ಬಿಡಿಸಿ. ಆಫೀಸಿನಲ್ಲಿ ಕಟ್ಟಿದರೆ ನೋವು ಇಳಿಯುವಷ್ಟು ಮಾತ್ರ ಹಿಂಡಿ ತೆಗೆಯಿರಿ, ಪೂರ್ತಿ ಖಾಲಿ ಮಾಡಿದರೆ ಮತ್ತಷ್ಟು ಹಾಲು ಬರುತ್ತದೆ. ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಡಾಕ್ಟರಲ್ಲಿ ಹೋಗಿ. ಒಂದು ವರ್ಷ ದಾಟಿದ ಮಗುವಿಗೆ ಹಗಲು ಸೆಂಟರಿನಲ್ಲಿ ಊಟ, ತಿಂಡಿ, ಮೊಸರು ಸಾಕು. ಬೆಳಿಗ್ಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ ಎದೆಹಾಲು ಮುಂದುವರಿಸಬಹುದು. ಹಿಂಡಿದ ಹಾಲನ್ನೇ ಕಳಿಸುವುದಾದರೆ ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ. ನಮ್ಮ ಕರಾವಳಿಯ ಸೆಕೆಗೆ ಹೊರಗೆ ಇಡುವುದೇ ಬೇಡ ಮಾರಾಯ್ರೆ, ಐಸ್ ಪ್ಯಾಕ್ ಹಾಕಿ.

ಡಬ್ಬಿಗೆ ಇಡೀ ದ್ರಾಕ್ಷಿ, ಕಡ್ಲೆಬೀಜ, ಪಾಪ್‌ಕಾರ್ನ್, ಚಕ್ಕುಲಿ ತುಂಡು, ಹಸಿ ಕ್ಯಾರೆಟ್ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಎರಡು ವಾರ ಹೊಸ ತಿಂಡಿ ಪ್ರಯೋಗ ಬೇಡ, ಮನೆಯಲ್ಲಿ ಕಣ್ಣು ಮುಚ್ಚಿ ತಿನ್ನುವುದನ್ನೇ ಕಳಿಸಿ. ಮಗು ಮಲಗುವ ಹಳೇ ಹೊದಿಕೆ ಅಥವಾ ಅಮ್ಮನ ಹತ್ತಿ ದುಪಟ್ಟಾ ಒಂದು, ತೊಳೆಯದೇ ಕಳಿಸಿ. ಆ ವಾಸನೆಗೇ ಮಗು ನಿದ್ದೆ ಹೋಗುವುದು. ಆದರೆ ಆಯಾ ಪಕ್ಕದಲ್ಲಿರುವಾಗ ಮಾತ್ರ, ಉದ್ದ ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಾರದು.

ಕಾಯಿಲೆ ಬಂದೇ ಬರುತ್ತದೆ. ಮೊದಲ ವರ್ಷ 8–10 ಸಲ ನೆಗಡಿ ಆಗುವುದು ಸಾಮಾನ್ಯ, ಮಳೆಗಾಲದಲ್ಲಿ ಸೇರಿಸಿದರೆ ಮೊದಲ ತಿಂಗಳೇ ಎರಡು ಸಲ. ಕೈ–ಕಾಲು–ಬಾಯಿ ಗುಳ್ಳೆಯ ಜ್ವರವೂ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಸೇರಿಸುವ ಮುಂಚೆ ಮಕ್ಕಳ ಡಾಕ್ಟರಲ್ಲಿ ಲಸಿಕೆ ಕಾರ್ಡು ತೋರಿಸಿ. ಫ್ಲೂ ಲಸಿಕೆ 6 ತಿಂಗಳ ಮೇಲೆ ವರ್ಷ ವರ್ಷ ಹಾಕಿಸಬಹುದು, ಕೋಟ್ಲೆ (ಚಿಕನ್‌ಪಾಕ್ಸ್) ಲಸಿಕೆ 15 ತಿಂಗಳಿಗೆ. ಬೆಳಿಗ್ಗೆ ಜ್ವರದ ಸಿರಪ್ ಕೊಟ್ಟು ಕಳಿಸುವ ಉಪಾಯ ಮಾತ್ರ ಮಾಡಬೇಡಿ. ಮಧ್ಯಾಹ್ನಕ್ಕೆ ಮದ್ದಿನ ಬಲ ಇಳಿದು ಜ್ವರ ಏರುತ್ತದೆ, ಆಫೀಸಿಗೆ ಫೋನ್ ಬರುತ್ತದೆ. ಮದ್ದಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕಳಿಸಿ. ಸೇರಿಸುವಾಗಲೇ ರಜೆ ಎಲ್ಲ ಮುಗಿಸಿಕೊಳ್ಳಬೇಡಿ, ಒಂದಷ್ಟು ಇದಕ್ಕೇ ಇಟ್ಟುಕೊಳ್ಳಿ.

ಕಾನೂನು_ಕಟ್ಟೆ:
ಚಿಕ್ಕದಾಗಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು. ಬೇರೆ ಸಂಸ್ಥೆಗಳ ಜೊತೆ ಸೇರಿ ಹಂಚಿಕೊಂಡದ್ದಾದರೂ ಆದೀತು. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು. ಎಚ್‌ಆರ್‌ಗೆ ಬಾಯಲ್ಲಿ ಕೇಳಬೇಡಿ, ಇಮೇಲ್ ಹಾಕಿ. ಹಳ್ಳಿ ಕಡೆಯವರಿಗೆ: ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗೆ ಹಲವು ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಶಿಶುಪಾಲನಾ ಕೇಂದ್ರ ಇದೆ, ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ.

ಹೊಂಗೆನೆರಳು:
ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳ್ಬೇಕು. ಸೆಂಟರ್‌ನಲ್ಲಿ ಚೆನ್ನಾಗಿದ್ದು, ಸಂಜೆ ಅಮ್ಮನ್ನ ಕಂಡ ಕೂಡಲೇ ಜೋರಾಗಿ ಅಳೋ ಮಕ್ಕಳಿರ್ತಾರಂತೆ. ಅಲ್ಲಿ ಏನೋ ಆಗಿದೆ ಅಂತ ಅರ್ಥಾನಾ? ಮತ್ತೆ, ಇದು ಹೊಂದಲ್ಲ, ಬಿಡಿಸ್ಬೇಕು ಅಂತ ಯಾವಾಗ ತೀರ್ಮಾನ ಮಾಡೋದು?

ಬಾಲವಾಡಿ_ಮಿಸ್:
ಸಂಜೆಯ ಅಳು ಬಹುಪಾಲು ಒಳ್ಳೇ ಲಕ್ಷಣ. ದಿನವಿಡೀ ಹಿಡಿದಿಟ್ಟುಕೊಂಡಿದ್ದನ್ನ ನಂಬಿಕೆ ಇರೋರ ಮುಂದೆ ಬಿಟ್ಟುಬಿಡುತ್ತೆ. ಕೆಲವು ಮಕ್ಕಳು ಅಳೋ ಬದಲು ಮುಖ ತಿರುಗಿಸ್ತವೆ, ಹೊಡೀತವೆ. ಅದೂ ಅದೇ. "ಯಾರು ಹೊಡೆದ್ರು? ಮಿಸ್ ಬೈದ್ರಾ?" ಅಂತ ವಿಚಾರಣೆ ಮಾಡ್ಬೇಡಿ, ಈ ವಯಸ್ಸಿಗೆ ಕೇಳಿದ್ದಕ್ಕೆಲ್ಲ "ಹೂಂ" ಅನ್ನುತ್ತೆ. ಗೇಟಲ್ಲೇ ಬಾಳೆಹಣ್ಣೋ ಬಿಸ್ಕತ್ತೋ ಕೊಡಿ, ಅರ್ಧ ಅಳು ಹಸಿವಿನದು. ಮನೆಗೆ ಹೋಗ್ತಾ ತರಕಾರಿ ಅಂಗಡಿ ಬೇಡ. ಮೊದಲ 20 ನಿಮಿಷ ಮೊಬೈಲ್ ಬದಿಗಿಟ್ಟು ಮಡಿಲಲ್ಲಿ ಕೂರಿಸಿಕೊಳ್ಳಿ, ಅಡುಗೆ ಆಮೇಲೆ. ರಾತ್ರಿ ಅರ್ಧ ಗಂಟೆ ಬೇಗ ಮಲಗಿಸಿ. ಈ ವಯಸ್ಸಿಗೆ ಹಗಲು–ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ಸೆಂಟರ್‌ನಲ್ಲಿ ಮೊದಮೊದಲು ಕಡಿಮೆಯಾಗಿರುತ್ತೆ.

ಎರಡನೇದಕ್ಕೆ: ಮೊದಲ ವಾರಕ್ಕಿಂತ ಎರಡನೇ ವಾರ ಅಳು ಹೆಚ್ಚಾದ್ರೆ ಗಾಬರಿ ಬೇಡ, ಹೊಸತನ ಮುಗಿದು "ಇದು ದಿನಾ ಇರೋದು" ಅಂತ ಅರ್ಥ ಆಗಿರುತ್ತೆ. ನಾಲ್ಕು ವಾರ ಆದ್ರೂ ಯಾರ ಕೈಯಲ್ಲೂ ಸಮಾಧಾನ ಆಗದಿರೋದು, ಅಲ್ಲಿ ಏನೂ ತಿನ್ನದೆ ತೂಕ ಇಳಿಯೋದು, ಆಟವೇ ಆಡದಿರೋದು ಇದ್ರೆ ಸಮಯ ಕಡಿಮೆ ಮಾಡಿ ನೋಡಿ, ಇಲ್ಲಾ ಮೂರು ತಿಂಗಳು ಮುಂದೂಡಿ. ಅಳದೇ ಸುಮ್ಮನೆ ಶೂನ್ಯ ನೋಡ್ತಾ ಕೂರೋ ಮಗುವನ್ನ "ಒಳ್ಳೇ ಮಗು, ಹೊಂದಿಕೊಂಡಿದೆ" ಅಂತ ಹೊಗಳ್ತಾರೆ. ಅಳೋ ಮಗುಗಿಂತ ಅದರ ಬಗ್ಗೇನೇ ಹೆಚ್ಚು ಗಮನ ಬೇಕು.

ತಕ್ಷಣ ಬಿಡಿಸಬೇಕಾದ್ದು ಬೇರೆ: ಕಾರಣ ಹೇಳದ ಗಾಯ, ಒಬ್ಬರೇ ವ್ಯಕ್ತಿಯನ್ನ ಕಂಡ್ರೆ ನಡುಗೋದು, ಹೇಳದೇ ಹೋದ್ರೆ ಒಳಗೆ ಬಿಡದಿರೋದು, ತಿಂಗಳಿಗೊಬ್ಬ ಆಯಾ ಬದಲಾಗೋದು, ಒಬ್ಬರೇ ಎಂಟು–ಹತ್ತು ಪುಟ್ಟ ಮಕ್ಕಳನ್ನ ನೋಡ್ತಿರೋದು. ಹೋಲಿಕೆಗೆ, ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಇರಬೇಕು. ಹಿಂಸೆಯ ಅನುಮಾನ ಬಂದ್ರೆ ಮಕ್ಕಳ ಸಹಾಯವಾಣಿ 1098.

ಹುಬ್ಬಳ್ಳಿ_ಅಕ್ಕ:
ಒಂದು ಮರತಿದ್ದೆ. ದಸರಾ ಸೂಟಿ, ಇಲ್ಲಾಂದ್ರ ವಾರಗಟ್ಟಲೆ ಜ್ವರ ಬಂದು ಮನ್ಯಾಗ ಇದ್ದಮ್ಯಾಲ ಮತ್ತ ಅಳು ಶುರು ಆಗ್ತದ. ಮೊದಲಿನಷ್ಟು ದಿನ ಹಿಡಿಯೂದಿಲ್ಲ, ಎರಡು–ಮೂರು ದಿನ ಅಷ್ಟ. ಮೊದಲ ದಿನ ಊಟದ ತನಕಾ ಬಿಡ್ರಿ, ಹಿಂದಿನ ದಿನ ಸಂಜಿಕೆ ಆಯಾಗ ಫೋನ್ ಹಚ್ಚಿ "ನಾಳೆ ಬಾಗಲದಾಗ ನೀವ ಬರ್ರಿ" ಅಂತ ಹೇಳಿಡ್ರಿ. ಆಕಿ ಅವತ್ತ ರಜಾ ಇದ್ರ ಒಂದು ದಿನ ಮುಂದ ಹಾಕ್ರಿ.